‘ಮೊದಲ ವಿಶ್ವಕಪ್’ ಅನ್ನಬಹುದಾ? ವೆಸ್ಟ್ ಆಕ್ಲೆಂಡ್ ಗಣಿ ಹುಡುಗರ ಕಥೆಯಲ್ಲಿ ನಿಜ ಎಷ್ಟು

ಪ್ರಶ್ನೆ: ಸರ್, ನಾವು ಹಾಸನದ ಕಡೆಯವರು. ಎರಡು ವರ್ಷದಿಂದ ಇಂಗ್ಲೆಂಡಿನ ಕೌಂಟಿ ಡರ್ಹಮ್‌ನಲ್ಲಿ, ಬಿಷಪ್ ಆಕ್ಲೆಂಡ್ ಹತ್ತಿರ ಇದ್ದೇವೆ. ಪಕ್ಕದಲ್ಲೇ ವೆಸ್ಟ್ ಆಕ್ಲೆಂಡ್ ಅನ್ನೋ ಹಳ್ಳಿ. ಊರ ನಡುವಿನ ಹುಲ್ಲು ಬಯಲಿನಲ್ಲಿ ಫುಟ್‌ಬಾಲ್ ಟೀಮಿನ ನೆನಪಿಗೆ ಒಂದು ಕಂಚಿನ ಪ್ರತಿಮೆ ಇದೆ. ಇಲ್ಲಿನ ಕಲ್ಲಿದ್ದಲು ಗಣಿಯ ಹುಡುಗರು 1909ರಲ್ಲಿ ಇಟಲಿಗೆ ಹೋಗಿ ಜಗತ್ತಿನ ಮೊದಲ ವಿಶ್ವಕಪ್ ಗೆದ್ದರಂತೆ. ಆ ಆಹ್ವಾನ ಇವರಿಗೆ ಬಂದದ್ದೇ ಅಲ್ಲ, ಲಂಡನ್ನಿನ ವುಲ್ವಿಚ್ ಆರ್ಸೆನಲ್‌ಗೆ ಹೋಗಬೇಕಿತ್ತು, ಎರಡೂ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ‘ಡಬ್ಲ್ಯು.ಎ.’ ಅಂತಷ್ಟೇ ಇದ್ದದ್ದರಿಂದ ದಾರಿ ತಪ್ಪಿ ಬಂತು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಗೆದ್ದ ಕಪ್ ಹೋಟೆಲಿನಲ್ಲಿ ಅಡ ಇಟ್ಟಿದ್ದರು ಅಂತ ಇನ್ನೊಬ್ಬರು. ನನ್ನ 10 ವರ್ಷದ ಮಗನಿಗೆ ಶಾಲೆಯಲ್ಲಿ ಊರ ಕ್ಲಬ್ಬಿನ ಚರಿತ್ರೆ ಬರೆಯೋ ಪ್ರಾಜೆಕ್ಟ್. ಚಾರ್ಟಿನ ಮೇಲೆ ಈಗಾಗಲೇ ದಪ್ಪ ಅಕ್ಷರದಲ್ಲಿ ‘ಮೊದಲ ವಿಶ್ವಕಪ್’ ಅಂತ ಬರೆದಾಗಿದೆ. ನನಗೆ ಅನುಮಾನ. ಹಾಗೆ ಬರೆಯಬಹುದಾ? ಇಷ್ಟು ಸಣ್ಣ ಊರಿಗೆ ಅಂಥ ಟೀಮ್ ಎಲ್ಲಿಂದ ಬಂತು? ಅಷ್ಟು ದೊಡ್ಡದು ಗೆದ್ದವರು ಇವತ್ತಿಗೂ ಕೆಳಹಂತದ ನಾನ್-ಲೀಗ್‌ನಲ್ಲೇ ಯಾಕಿದ್ದಾರೆ?

ಉತ್ತರ: ಮೊದಲು ನನ್ನದೇ ತಪ್ಪೊಪ್ಪಿಗೆ. ಪತ್ರಿಕೆಯ ಕ್ರೀಡಾ ಪುಟಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಪುಟದಲ್ಲಿ ಅಂಗೈ ಅಗಲ ಜಾಗ ಉಳಿದಿತ್ತು. ಅದಕ್ಕೆ ಈ ‘ಡಬ್ಲ್ಯು.ಎ.’ ಕಥೆಯನ್ನೇ ಬಾಕ್ಸ್ ಮಾಡಿ ಹಾಕಿದೆ. ಮರುದಿನ ಎಲ್ಲರೂ ಮೆಚ್ಚಿದರು. ಎಷ್ಟೋ ವರ್ಷದ ಮೇಲೆ 1909ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತಾಗ ಮುಖ ಸಣ್ಣದಾಯಿತು. ಹಾಗಾಗಿ ನಿಮ್ಮ ಮಗ ನನಗಿಂತ ಹೆಚ್ಚೇನೂ ತಪ್ಪು ಮಾಡಿಲ್ಲ.

ನಿಮ್ಮ ಚಿಂತೆ ಇಷ್ಟೇ ಅಲ್ವಾ: ಊರವರ ಅಭಿಮಾನಕ್ಕೂ ನೋವಾಗಬಾರದು, ಹುಡುಗ ಸುಳ್ಳೂ ಬರೆಯಬಾರದು. ಎರಡೂ ಆಗುತ್ತದೆ. ಆದರೆ ಕಥೆಯಲ್ಲಿ ಗಟ್ಟಿ ಇರುವುದು ಯಾವುದು, ಜೊಳ್ಳು ಯಾವುದು ಅಂತ ಮೊದಲು ಕೇರಿಕೊಳ್ಳಬೇಕು.

ಗಟ್ಟಿ ಇರುವುದು ಇದು. ಟೀ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಕೊಟ್ಟ ಕಪ್‌ಗಾಗಿ 1909ರ ಏಪ್ರಿಲ್‌ನಲ್ಲಿ ಇಟಲಿಯ ಟುರಿನ್‌ನಲ್ಲಿ ಒಂದು ಟೂರ್ನಿ ನಡೆಯಿತು. ನಾಲ್ಕು ಟೀಮು. ಜರ್ಮನಿಯಿಂದ ಸ್ಟುಟ್‌ಗಾರ್ಟ್, ಸ್ವಿಟ್ಸರ್‌ಲೆಂಡಿನಿಂದ ವಿಂಟರ್‌ಥೂರ್, ಇಟಲಿಯ ಪರವಾಗಿ ಟುರಿನ್ ನಗರದ ಆಟಗಾರರನ್ನು ಕೂಡಿಸಿ ಮಾಡಿದ ಟೀಮು, ಇಂಗ್ಲೆಂಡಿನಿಂದ ವೆಸ್ಟ್ ಆಕ್ಲೆಂಡ್. ನಿಮ್ಮೂರ ಹುಡುಗರು ಸ್ಟುಟ್‌ಗಾರ್ಟ್ ವಿರುದ್ಧ 2-0, ಫೈನಲ್‌ನಲ್ಲಿ ವಿಂಟರ್‌ಥೂರ್ ವಿರುದ್ಧ 2-0 ಗೆದ್ದರು. 1911ರಲ್ಲಿ ಮತ್ತೆ ಹೋದರು. ಆ ಸಲ ಜ್ಯೂರಿಕ್ ಮೇಲೆ 2-0, ಫೈನಲ್‌ನಲ್ಲಿ ಯುವೆಂಟಸ್ ಮೇಲೆ 6-1. ಎರಡು ಸಲ ಗೆದ್ದದ್ದರಿಂದ ಕಪ್ ಖಾಯಂ ಅವರದೇ ಆಯಿತು. ಇದರಲ್ಲಿ ಯಾವ ಅನುಮಾನವೂ ಬೇಡ.

ಇನ್ನು ಜೊಳ್ಳು. ಆಹ್ವಾನ ಆರ್ಸೆನಲ್‌ಗೆ ಬರೆದದ್ದು ಅನ್ನುವುದಕ್ಕೆ ಒಂದೇ ಒಂದು ಕಾಗದದ ಸಾಕ್ಷಿಯನ್ನೂ ಇದುವರೆಗೆ ಯಾರೂ ತೋರಿಸಿಲ್ಲ. ಸಾಕ್ಷಿ ಹೋಗಲಿ, ಕ್ಯಾಲೆಂಡರ್ ನೋಡಿ. 1909ರ ಈಸ್ಟರ್ ಭಾನುವಾರ ಏಪ್ರಿಲ್ 11. ಟುರಿನ್‌ನ ಪಂದ್ಯಗಳು 11 ಮತ್ತು 12ನೇ ತಾರೀಕು. ಈಸ್ಟರ್ ಅಂದರೆ ಇಂಗ್ಲೆಂಡಿನ ಲೀಗ್ ಕ್ಲಬ್ಬುಗಳಿಗೆ ಪಂದ್ಯದ ಮೇಲೆ ಪಂದ್ಯ, ವರ್ಷದ ಒಳ್ಳೇ ಗಲ್ಲಾಪೆಟ್ಟಿಗೆಯ ಸಮಯ. ಆಗ ಮೊದಲ ಡಿವಿಷನ್‌ನಲ್ಲಿದ್ದ, ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿದ್ದ ವುಲ್ವಿಚ್ ಆರ್ಸೆನಲ್ ಅದನ್ನೆಲ್ಲ ಬಿಟ್ಟು ಇಟಲಿಗೆ ಹೋಗುತ್ತಿತ್ತಾ? ಇನ್ನೊಂದು, ಯಾರೇ ಆದರೂ ಪತ್ರ ಹಾಕುವಾಗ ಎರಡು ಅಕ್ಷರ ಗೀಚಿ ಡಬ್ಬಿಗೆ ಹಾಕುವುದಿಲ್ಲ. ಊರು, ಕಾರ್ಯದರ್ಶಿಯ ಹೆಸರು ಎಲ್ಲ ಬೇಕು. ಒಂದು ವೇಳೆ 1909ರಲ್ಲಿ ತಪ್ಪೇ ಆಗಿದ್ದರೂ 1911ರಲ್ಲಿ ಮತ್ತೆ ಕರೆದರಲ್ಲ, ಅದೂ ತಪ್ಪಾ?

ಈ ಕಥೆಯ ಬಗ್ಗೆ ನನಗೆ ಇನ್ನೊಂದು ತಕರಾರೂ ಇದೆ. ನಗಿಸುವ ಹಾಗೆ ಕಂಡರೂ ಒಳಗೊಳಗೇ ಅದು ಹೇಳುವುದೇನು? ಗಣಿ ಕೆಲಸದವರನ್ನು ಬೇಕು ಅಂತ ಯಾರು ಕರೆದಾರು, ಏನೋ ಅದೃಷ್ಟದಿಂದ ಹೋದರು ಅಂತ. ನಿಜ ಅದಕ್ಕೆ ತಿರುಗಾಮುರುಗಾ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್.ಎ.) ತನ್ನ ಕಡೆಯಿಂದ ಟೀಮ್ ಕಳಿಸಲು ಒಪ್ಪಲಿಲ್ಲ. ಸಂಬಳದ ಆಟಗಾರರಿಲ್ಲದ ಒಳ್ಳೇ ಟೀಮ್ ಹುಡುಕುವವನು ಆ ಕಾಲದಲ್ಲಿ ಎಲ್ಲಿಗೆ ಬರಬೇಕಿತ್ತು ಅಂದರೆ, ನೀವು ಈಗ ವಾಸ ಇರುವ ಜಾಗಕ್ಕೇ.

ಲೆಕ್ಕ ನೋಡಿ. ಸಂಬಳವಿಲ್ಲದೆ ಆಡುವವರಿಗೇ ಅಂತ ಎಫ್.ಎ. ಅಮೆಚೂರ್ ಕಪ್ ಇತ್ತು. 1895ರಿಂದ 1901ರವರೆಗೆ ಏಳು ವರ್ಷದಲ್ಲಿ ಆರು ಸಲ ಅದು ಹೋದದ್ದು ಆ ಮೂಲೆಗೇ: ಮಿಡಲ್ಸ್‌ಬ್ರೋ ಎರಡು ಸಲ, ಬಿಷಪ್ ಆಕ್ಲೆಂಡ್ ಎರಡು ಸಲ, ಸ್ಟಾಕ್‌ಟನ್ ಒಂದು ಸಲ, ಕ್ರೂಕ್ ಟೌನ್ ಒಂದು ಸಲ. ಅಲ್ಲಿನ ನಾರ್ದರ್ನ್ ಲೀಗ್ ಶುರುವಾದದ್ದು 1889ರಲ್ಲಿ. ಈಗಲೂ ನಡೆಯುತ್ತಿರುವ ಫುಟ್‌ಬಾಲ್ ಲೀಗುಗಳಲ್ಲಿ ಜಗತ್ತಿನಲ್ಲೇ ಎರಡನೇ ಹಳೆಯದು. ವೆಸ್ಟ್ ಆಕ್ಲೆಂಡ್ ಆಗ ಆ ಲೀಗಿನ ಚಾಂಪಿಯನ್ ಏನಲ್ಲ, ನಿಜ. ಆದರೆ ಅಂಥ ಲೀಗಿನಲ್ಲಿ ಸೋತು ಸೋತು ಪಳಗಿದವರೂ ಹೊರಗೆ ಹೋದರೆ ಭಾರಿಯೇ. 1908ರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡ ಮೊದಲ ಸಲ ಯುರೋಪ್ ಪ್ರವಾಸ ಹೋಗಿ ಆಸ್ಟ್ರಿಯಾವನ್ನು ಒಮ್ಮೆ 6-1, ಎರಡು ದಿನ ಬಿಟ್ಟು 11-1 ಅಂತ ಬಡಿದಿತ್ತು. ಆಗಿನ ಅಂತರ ಅಷ್ಟಿತ್ತು. ಹಾಗಾಗಿ ಯುವೆಂಟಸ್ ಮೇಲೆ 6-1 ಅಂದ ಕೂಡಲೇ ಇವತ್ತಿನ ಯುವೆಂಟಸ್ ನೆನೆಸಿಕೊಂಡು ಬಾಯಿ ಬಿಡಬೇಡಿ.

ಸಣ್ಣ ಊರಿಗೆ ಟೀಮ್ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಮೈದಾನದಲ್ಲಿ ಸಿಗುವುದಿಲ್ಲ, ನೆಲದ ಕೆಳಗೆ ಸಿಗುತ್ತದೆ.

ಡರ್ಹಮ್ ಗಣಿಗಳಲ್ಲಿ ಕಲ್ಲಿದ್ದಲು ಕಡಿಯುವವರ ಪಾಳಿ ಸುಮಾರು 7 ಗಂಟೆ. ಬೇರೆ ಕಡೆಗಿಂತ ಕಡಿಮೆ. ಬೆಳಗಿನ ಜಾವ ಇಳಿದವನು ಮಧ್ಯಾಹ್ನದ ಹೊತ್ತಿಗೆ ಮೇಲೆ. ಕೈಯಲ್ಲಿ ಹಗಲು ಉಳಿಯುತ್ತಿತ್ತು. ಮನೆ ಗಣಿ ಕಂಪನಿಯದು, ಸಾಲು ಮನೆಗಳು, ಎಲ್ಲರೂ ಅಕ್ಕಪಕ್ಕ. ಹನ್ನೊಂದು ಜನರನ್ನು ಕೂಡಿಸಲು ಒಂದು ಬೀದಿಯೇ ಸಾಕು.

ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಗಣಿಯೊಳಗೆ ಎಲ್ಲ ಜಾಗವೂ ಒಂದೇ ಥರ ಇರುವುದಿಲ್ಲ. ಒಂದು ಕಡೆ ಕಲ್ಲಿದ್ದಲು ಮೆತ್ತಗೆ, ಇನ್ನೊಂದು ಕಡೆ ನೀರು, ಮತ್ತೊಂದು ಕಡೆ ಮೊಣಕಾಲೂರಿ ಕೂರಲೂ ಎತ್ತರ ಸಾಲದು. ಕೂಲಿ ಕಡಿದಷ್ಟಕ್ಕೆ. ಹಾಗಿರುವಾಗ ಒಳ್ಳೇ ಜಾಗ ಯಾರಿಗೆ? ಮೇಸ್ತ್ರಿ ತನಗೆ ಬೇಕಾದವರಿಗೆ ಕೊಡದ ಹಾಗೆ ಮೂರು ತಿಂಗಳಿಗೊಮ್ಮೆ ಚೀಟಿ ಎತ್ತುತ್ತಿದ್ದರು. ಕ್ಯಾವಿಲ್ ಅಂತ ಅದರ ಹೆಸರು. ಚೀಟಿಯಲ್ಲಿ ಬಂದ ಒಂದು ಜಾಗವನ್ನು ಬೇರೆ ಬೇರೆ ಪಾಳಿಯಲ್ಲಿ ಹಂಚಿಕೊಂಡು ಕಡಿಯುವ ಜೊತೆಗಾರರಿಗೆ ‘ಮಾರಾ’ ಅನ್ನುತ್ತಿದ್ದರು. ತುಂಬಿಸಿದ ಗಾಡಿಗೆ ತಮ್ಮ ಗುರುತಿನ ಒಂದು ಬಿಲ್ಲೆ ಕಟ್ಟಿ ಮೇಲಕ್ಕೆ ಕಳಿಸುತ್ತಿದ್ದರು. ಆ ಬಿಲ್ಲೆ ಇಬ್ಬರದ್ದೂ ಒಂದೇ. ಹದಿನೈದು ದಿನಕ್ಕೊಮ್ಮೆ ಬರುವ ದುಡ್ಡೂ ಒಟ್ಟಿಗೇ, ಆಮೇಲೆ ಹಂಚಿಕೆ. ಒಬ್ಬ ಸೋಮಾರಿಯಾದರೆ ಇನ್ನೊಬ್ಬನ ಮನೆ ಒಲೆಗೆ ಪೆಟ್ಟು. ಇಂಥವರಿಗೆ ಪಾಸ್ ಕೊಡುವುದು ಹೇಗೆ ಅಂತ ಕೋಚ್ ಬಂದು ಹೇಳಿಕೊಡಬೇಕಾಗಿರಲಿಲ್ಲ. ಈಗಲೂ ನಿಮ್ಮ ಕಡೆ ಹಳಬರು ಗೆಳೆಯನನ್ನು ‘ಮಾರಾ’ ಅಂತ ಕರೆಯುವುದನ್ನು ಕೇಳಿರಬಹುದು.

ಆದರೆ ಎಲ್ಲರೂ ವೆಸ್ಟ್ ಆಕ್ಲೆಂಡಿನವರೇ, ಎಲ್ಲರೂ ಗಣಿಯವರೇ ಅಂತ ಬರೆಯಬೇಡಿ. ಹೆಚ್ಚಿನವರು ಹೌದು. 1909ರ ಟೀಮಿನಲ್ಲಿ ಜಾಕ್ ಗ್ರೀನ್‌ವೆಲ್ ಇದ್ದ. ಅವನು ಪಕ್ಕದ ಕ್ರೂಕ್ ಟೌನ್‌ನವನು, ಆ ಟೂರ್ನಿಗೆ ಮಾತ್ರ ಸೇರಿಸಿಕೊಂಡಿದ್ದು. ಇವನ ಕಥೆ ಕೇಳಿದರೆ ನಿಮ್ಮ ಮಗ ಚಾರ್ಟಿಗೆ ಇನ್ನೊಂದು ಹಾಳೆ ಅಂಟಿಸುತ್ತಾನೆ. ಗಣಿಯ ಮನೆಯ ಹುಡುಗ 1912ರಲ್ಲಿ ಬಾರ್ಸಿಲೋನಾ ಸೇರಿದ. 1917ರಿಂದ ಅಲ್ಲೇ ಕೋಚ್. 1929ರಲ್ಲಿ ಅದೇ ನಗರದ ಎಸ್ಪಾನ್ಯೋಲ್‌ಗೆ ಸ್ಪೇನ್‌ನ ರಾಜರ ಕಪ್ ಗೆದ್ದುಕೊಟ್ಟ. 1939ರಲ್ಲಿ ಪೆರು ದೇಶಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್‌ಶಿಪ್ ತಂದುಕೊಟ್ಟ. ಕ್ರೂಕ್‌ನಿಂದ ಪೆರುವಿಗೆ! ಅವನಿದ್ದ ನಂಟಿನಿಂದ ಕ್ರೂಕ್ ಟೌನ್ ಬಾರ್ಸಿಲೋನಾಗೆ ಹೋಗಿ ಆಡಿ ಬಂದಿದೆ. ಎಷ್ಟೋ ಕಾಲದ ಮೇಲೆ, 1976ರಲ್ಲಿ, ಕ್ರೂಕ್ ಟೀಮ್ ನಮ್ಮ ಭಾರತಕ್ಕೂ ಬಂದಿತ್ತು.

ಈಗ ‘ವಿಶ್ವಕಪ್’ ವಿಷಯ. ಫಿಫಾ ವಿಶ್ವಕಪ್ ಶುರುವಾದದ್ದು 1930ರಲ್ಲಿ ಉರುಗ್ವೆಯಲ್ಲಿ, 13 ದೇಶಗಳ ನಡುವೆ. ಟುರಿನ್‌ನದು ಕ್ಲಬ್ಬುಗಳ ಟೂರ್ನಿ, ನಾಲ್ಕೂ ಯುರೋಪಿನವು. ಹೋಗಲಿ, ‘ಮೊದಲ ಅಂತಾರಾಷ್ಟ್ರೀಯ ಕ್ಲಬ್ ಟೂರ್ನಿ’ ಅನ್ನೋಣ ಅಂದರೆ ಅದಕ್ಕೂ ಅಡ್ಡಿ ಇದೆ. ಅದೇ ಟುರಿನ್‌ನಲ್ಲಿ 1908ರಲ್ಲೇ ಒಂದು ಕ್ರೀಡಾ ಪತ್ರಿಕೆಯವರು ಹೊರದೇಶದ ಕ್ಲಬ್ಬುಗಳನ್ನು ಕರೆಸಿ ಆಡಿಸಿದ್ದರು. ‘ಜಗತ್ತಿನ ಚಾಂಪಿಯನ್’ ಅನ್ನುವ ಬಿರುದಂತೂ ಇನ್ನೂ ಹಳೆಯದು. 1888ರಲ್ಲಿ ಸ್ಕಾಟ್ಲೆಂಡಿನ ರೆಂಟನ್ ಅನ್ನೋ ಸಣ್ಣ ಊರಿನ ಕ್ಲಬ್ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಅನ್ನು ಒಂದೇ ಪಂದ್ಯದಲ್ಲಿ ಸೋಲಿಸಿ ತನಗೆ ತಾನೇ ಆ ಹೆಸರು ಇಟ್ಟುಕೊಂಡಿತ್ತು. ಲಿಪ್ಟನ್ ಸಾಹೇಬರ ವಿಷಯಕ್ಕೆ ಬಂದರೆ, ಅವರು ಕಪ್ ಕೊಡುವುದರಲ್ಲಿ ಧಾರಾಳಿ. ಅರ್ಜೆಂಟೀನಾ ಮತ್ತು ಉರುಗ್ವೆ ನಡುವೆ 1905ರಿಂದಲೇ ಅವರ ಹೆಸರಿನ ಕಪ್ ಇತ್ತು. ಇಟಲಿಯ ದಕ್ಷಿಣದಲ್ಲೂ ಒಂದು ಕೊಟ್ಟಿದ್ದರು. ಟೀ ಮಾರುವವರಿಗೆ ಹೆಸರು ಊರೂರು ತಿರುಗಬೇಕಲ್ಲ.

ಹಾಗಾದರೆ ಚಾರ್ಟಿನಲ್ಲಿ ಏನು ಬರೆಯೋದು? ಇರೋ ದಾರಿಗಳನ್ನು ಹೇಳುತ್ತೇನೆ. ‘ಮೊದಲ ವಿಶ್ವಕಪ್’ ಅಂತಲೇ ಬಿಡಬಹುದು. ಊರವರು ಖುಷಿ ಪಡುತ್ತಾರೆ. ಆದರೆ ಕ್ಲಾಸಿನಲ್ಲಿ ಯಾವನಾದರೂ ಒಬ್ಬ 1930 ಅಂದ ಕೂಡಲೇ ಹುಡುಗ ಒದ್ದಾಡಬೇಕಾಗುತ್ತದೆ, ಉಳಿದದ್ದೆಲ್ಲ ನಿಜವಿದ್ದರೂ ಯಾರೂ ನಂಬುವುದಿಲ್ಲ. ಇನ್ನೊಂದು, ಬರೀ ‘ಲಿಪ್ಟನ್ ಕಪ್ ವಿಜೇತರು, 1909 ಮತ್ತು 1911’ ಅಂತ ಹಾಕುವುದು. ಯಾರೂ ತಪ್ಪು ಹುಡುಕಲಾರರು, ಆದರೆ ಯಾರೂ ನಿಂತು ಓದುವುದೂ ಇಲ್ಲ. ಊರಲ್ಲಿ ಎಲ್ಲರೂ ಹೇಳುವ ಮಾತನ್ನೇ ಬಿಟ್ಟ ಹಾಗೂ ಆಗುತ್ತದೆ. ನಾನಾದರೆ ತಲೆಬರಹವನ್ನು ಪ್ರಶ್ನೆ ಮಾಡುತ್ತಿದ್ದೆ: ‘ನಮ್ಮೂರು ಇದನ್ನು ಮೊದಲ ವಿಶ್ವಕಪ್ ಅನ್ನುತ್ತದೆ. ಯಾಕೆ?’ ದಪ್ಪ ಅಕ್ಷರ ಅಳಿಸಬೇಕಾಗಿಲ್ಲ, ಮುಂದೆ ಒಂದಿಷ್ಟು ಸೇರಿಸಿದರಾಯಿತು. ಆರ್ಸೆನಲ್ ಕಥೆಯನ್ನೂ ಬಿಸಾಡಬೇಡಿ. ‘ಊರಲ್ಲಿ ಹೀಗೆ ಹೇಳುತ್ತಾರೆ’ ಅಂತ ಒಂದು ಬೇರೆ ಚೌಕದಲ್ಲಿ ಹಾಕಿ. ಇದರಲ್ಲಿರುವ ತೊಂದರೆ ಒಂದೇ. ಮಕ್ಕಳು, ದೊಡ್ಡವರು ಎಲ್ಲರೂ ಮೊದಲು ಓದುವುದು ಆ ಚೌಕವನ್ನೇ. ಆದ್ದರಿಂದ ಪಕ್ಕದಲ್ಲೇ ಈಸ್ಟರ್ ತಾರೀಕು ಬರೆದಿರಲಿ.

ಅಡ ಇಟ್ಟ ಕಥೆ ಮಾತ್ರ ನಿಜ. ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸುವುದೂ ಅದೇ.

ಇಟಲಿಗೆ ಹೋಗುವುದೆಂದರೆ ರೈಲು, ಹಡಗು, ಮತ್ತೆ ರೈಲು. ಕೆಲಸಕ್ಕೆ ಹೋಗದ ದಿನ ಕೂಲಿ ಇಲ್ಲ. ಆಟಗಾರರು ಮನೆ ಸಾಮಾನು ಮಾರಿದರು ಅಂತಲೂ ಹೇಳುತ್ತಾರೆ. ಅದನ್ನು ‘ಹೇಳುತ್ತಾರೆ’ ಚೌಕಕ್ಕೇ ಹಾಕಿ. ಗೊತ್ತಿರುವುದು ಇಷ್ಟು: 1911ರ ಎರಡನೇ ಪ್ರಯಾಣ ಮುಗಿಯುವ ಹೊತ್ತಿಗೆ ಕ್ಲಬ್ ಸಾಲದಲ್ಲಿ ಮುಳುಗಿತ್ತು. ಊರಿನ ವೀಟ್‌ಶೀಫ್ ಹೋಟೆಲಿನ ಒಡತಿಯಿಂದ 40 ಪೌಂಡ್ ತಂದರು, ಕಪ್ ಅವರ ಹತ್ತಿರ ಅಡ ಇಟ್ಟರು. 1912ರಲ್ಲಿ ಕ್ಲಬ್ಬೇ ಮುಚ್ಚಿತು. ಯುರೋಪ್ ಗೆದ್ದು ಬಂದ ಮರುವರ್ಷ ಬಾಗಿಲು! ಅದೇ 1912ರಲ್ಲಿ ದೇಶದ ಸುಮಾರು 10 ಲಕ್ಷ ಗಣಿ ಕೆಲಸಗಾರರು ಕನಿಷ್ಠ ಕೂಲಿಗಾಗಿ ಮುಷ್ಕರ ಹೂಡಿದ್ದರು. ಯಾರ ಮನೆಯಲ್ಲೂ ಕ್ಲಬ್ಬಿಗೆ ಕೊಡಲು ದುಡ್ಡಿರುವ ಕಾಲವಲ್ಲ. ಅದಕ್ಕೂ ಮುಂಚೆ, 1910ರ ಜನವರಿ 1ರಿಂದ, ಎಂಟು ಗಂಟೆ ಪಾಳಿಯ ಕಾನೂನು ಡರ್ಹಮ್‌ಗೆ ಬಂದಿತ್ತು. ಕೇಳಲು ಚೆನ್ನಾಗಿದೆ, ಆದರೆ ಅದನ್ನೇ ನೆಪ ಮಾಡಿ ಮಾಲೀಕರು ಕಡಿಯುವವರಿಗೆ ಮೂರನೇ ಪಾಳಿ ತಂದರು. ಅಪ್ಪ ಒಂದು ಪಾಳಿ, ಮಕ್ಕಳು ಇನ್ನೊಂದು. ಮನೆಯಲ್ಲಿ ಹೆಂಗಸರು ಹಗಲು ರಾತ್ರಿ ಸ್ನಾನದ ನೀರು ಕಾಯಿಸುತ್ತಾ, ಊಟ ಬಡಿಸುತ್ತಾ ನಿಂತರು. ಚರಿತ್ರೆಯ ಚಾರ್ಟಿನಲ್ಲಿ ಈ ಹೆಂಗಸರಿಗೂ ಒಂದು ಸಾಲು ಸಿಗಲಿ.

ಕ್ಲಬ್ ಆಮೇಲೆ ವೆಸ್ಟ್ ಆಕ್ಲೆಂಡ್ ಟೌನ್ ಅನ್ನುವ ಹೆಸರಿನಲ್ಲಿ ಮತ್ತೆ ಎದ್ದಿತು. ಕಪ್ ಮಾತ್ರ ಬರಲಿಲ್ಲ. ಹೋಟೆಲಿನ ಒಡತಿಯ ಬಳಿಯೇ ಉಳಿಯಿತು. 1960ರಲ್ಲಿ ಊರವರು ದುಡ್ಡು ಕೂಡಿಸಿ 100 ಪೌಂಡ್ ಕೊಟ್ಟು ಬಿಡಿಸಿಕೊಂಡರು. ಲೆಕ್ಕ ಹಾಕಿ ನೋಡಿದೆ. 40 ಪೌಂಡಿಗೆ ಸುಮಾರು 48 ವರ್ಷದ ಮೇಲೆ 100 ಅಂದರೆ ವರ್ಷಕ್ಕೆ ಚಕ್ರಬಡ್ಡಿ ಶೇ 2ರಷ್ಟೂ ಆಗುವುದಿಲ್ಲ. ನಮ್ಮ ಕಡೆ ಯಾವ ಗಿರವಿ ಅಂಗಡಿಯವನೂ ಒಪ್ಪುವ ಮಾತಲ್ಲ. ಇಷ್ಟೆಲ್ಲ ಮಾಡಿ ತಂದ ಕಪ್ 1994ರಲ್ಲಿ ಊರಿನ ಕೆಲಸಗಾರರ ಕ್ಲಬ್ಬಿನಿಂದ ಕಳುವಾಯಿತು. ಸಿಗಲೇ ಇಲ್ಲ. ಈಗ ತೋರಿಸುವುದು ಆಮೇಲೆ ಮಾಡಿಸಿದ ನಕಲು. ಹುಡುಗ ಫೋಟೋ ಹಾಕಿದರೆ ಕೆಳಗೆ ಹಾಗೆಂದೇ ಬರೆಯಲಿ.

ಕೊನೆಗೆ, ಇನ್ನೂ ನಾನ್-ಲೀಗ್‌ನಲ್ಲೇ ಯಾಕೆ? ಈ ಪದದಿಂದ ಬಹಳ ಜನ ಮೋಸ ಹೋಗುತ್ತಾರೆ. ಲೀಗ್ ಆಡದವರು ಅಂತಲ್ಲ. ಮೇಲಿನ ನಾಲ್ಕು ಹಂತದ 92 ಕ್ಲಬ್ಬುಗಳ ಹೊರಗಿನವರು ಅಂತ ಅರ್ಥ, ಅಷ್ಟೇ. ಅದರೊಳಗೆ ಹೋಗುವುದು ಆಗ ಆಟದಿಂದ ಆಗುವ ಕೆಲಸವಲ್ಲ. 1987ರವರೆಗೂ ಒಳಗಿದ್ದವರು ಓಟು ಹಾಕಿ ಸೇರಿಸಿಕೊಂಡರೆ ಮಾತ್ರ ಉಂಟು. ಹಳ್ಳಿಯ ಗೇಟಿನ ದುಡ್ಡಿನಲ್ಲಿ ಆಟಗಾರರಿಗೆ ಸಂಬಳ ಕೊಡಲು ಆಗುವುದೂ ಇಲ್ಲ. ಚೆನ್ನಾಗಿ ಆಡಿದವನನ್ನು ನ್ಯೂಕ್ಯಾಸಲ್, ಸಂಡರ್‌ಲೆಂಡ್, ಮಿಡಲ್ಸ್‌ಬ್ರೋ ಎತ್ತಿಕೊಂಡು ಹೋಗುತ್ತಿದ್ದವು. ಜೊತೆಗೆ ಅಲ್ಲಿನವರಿಗೆ ಅಮೆಚೂರ್ ಫುಟ್‌ಬಾಲ್ ಅನ್ನುವುದೇ ಒಂದು ದೊಡ್ಡ ಗೌರವ. 1954ರ ಅಮೆಚೂರ್ ಕಪ್ ಫೈನಲ್ ನೋಡಿ. ಕ್ರೂಕ್ ಟೌನ್ ಮತ್ತು ಬಿಷಪ್ ಆಕ್ಲೆಂಡ್, ಅಕ್ಕಪಕ್ಕದ ಊರುಗಳು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 1 ಲಕ್ಷ ಜನರ ಎದುರು 2-2. ನ್ಯೂಕ್ಯಾಸಲ್‌ನಲ್ಲಿ ಮತ್ತೆ 2-2. ಮೂರನೇ ಸಲ ಮಿಡಲ್ಸ್‌ಬ್ರೋದಲ್ಲಿ ಕ್ರೂಕ್ 1-0. ಇಷ್ಟು ಜನ ಬರುವಾಗ ಮೇಲಿನ ಲೀಗ್ ಯಾರಿಗೆ ಬೇಕಿತ್ತು? ಸಂಬಳವಿಲ್ಲ ಅನ್ನುವುದೂ ಮೇಲ್ಮಾತು ಅನ್ನಿ. ಪಂದ್ಯ ಮುಗಿಸಿ ಬಂದರೆ ಬೂಟಿನೊಳಗೆ ನೋಟು ಇರುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. 1974ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಈ ಭೇದವನ್ನೇ ತೆಗೆದುಹಾಕಿತು. ಅಮೆಚೂರ್ ಕಪ್ ಕೂಡ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ನೆಲದ ಕೆಳಗೂ ಖಾಲಿಯಾಗುತ್ತಿತ್ತು. ಡರ್ಹಮ್‌ನ ಪಶ್ಚಿಮದ ಗಣಿಗಳು ಹಳೆಯವು, ಅವೇ ಮೊದಲು ಮುಚ್ಚಿದ್ದು. 1951ರಲ್ಲಿ ಜಿಲ್ಲಾ ಆಡಳಿತ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ ವರ್ಗ’ಕ್ಕೆ ಸೇರಿಸಿತು. ಅಂದರೆ ಅಲ್ಲಿ ಇನ್ನು ಹೊಸದೇನೂ ಕಟ್ಟುವುದಿಲ್ಲ, ತಾನಾಗಿ ಸಾಯಲಿ ಅಂತ. ನಿಮ್ಮ ಹತ್ತಿರದ ವಿಟನ್ ಪಾರ್ಕ್ ಆ ಪಟ್ಟಿಯಲ್ಲಿತ್ತು. 1993ರ ಕೊನೆಗೆ ಡರ್ಹಮ್‌ನ ಕೊನೆಯ ಆಳದ ಗಣಿಯೂ ಮುಚ್ಚಿತು. ಹಿಂದೆ ಒಂದು ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ತೆಗೆದಿಟ್ಟು ಗಣಿ ಊರುಗಳಿಗೆ ಮೈದಾನ ಮಾಡಿಕೊಡುತ್ತಿದ್ದರು. 1920ರ ಕಾನೂನು ಅದು. ಕಲ್ಲಿದ್ದಲೇ ಇಲ್ಲದ ಮೇಲೆ ಪೆನ್ನಿ ಎಲ್ಲಿಂದ? ಇಷ್ಟೆಲ್ಲ ಆದ ಮೇಲೂ ವೆಸ್ಟ್ ಆಕ್ಲೆಂಡ್ ಟೌನ್ 2012 ಮತ್ತು 2014ರಲ್ಲಿ, ಕೆಳಹಂತದ ಕ್ಲಬ್ಬುಗಳಿಗೇ ಇರುವ ಎಫ್.ಎ. ವಾಸ್ ಟೂರ್ನಿಯ ಫೈನಲ್‌ಗೆ ವೆಂಬ್ಲಿಗೆ ಹೋಯಿತು. ಎರಡೂ ಸೋತಿತು. ಆದರೂ ‘ಹಿಂದೆ ಬಿದ್ದರು’ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಒಂದು ಕೆಲಸ ಹೇಳುತ್ತೇನೆ. ಶನಿವಾರ ಪಂದ್ಯ ಇದ್ದಾಗ ಮಗನನ್ನು ಡಾರ್ಲಿಂಗ್ಟನ್ ರಸ್ತೆಯ ಮೈದಾನಕ್ಕೆ ಕರೆದುಕೊಂಡು ಹೋಗಿ. ಎಪ್ಪತ್ತೈದು ದಾಟಿದ ಹಿರಿಯರು ಯಾರಾದರೂ ಸಿಗುತ್ತಾರೆ. ಅವರನ್ನು 1909ರ ಬಗ್ಗೆ ಕೇಳಬೇಡಿ, ಅದು ಅವರೂ ಕೇಳಿದ್ದೇ. 1960ರಲ್ಲಿ ಕಪ್ ಊರಿಗೆ ವಾಪಸ್ ಬಂದದ್ದು ನೆನಪಿದೆಯಾ, ಯಾರ ಮನೆಯಲ್ಲಿ ಎಷ್ಟು ಕೊಟ್ಟರು, 1961ರ ಅಮೆಚೂರ್ ಕಪ್ ಫೈನಲ್‌ಗೆ ವೆಂಬ್ಲಿಗೆ ಹೇಗೆ ಹೋದರು ಅಂತ ಕೇಳಿ. ಆ ಫೈನಲ್ ವಾಲ್ತಮ್‌ಸ್ಟೋ ಅವೆನ್ಯೂ ವಿರುದ್ಧ 2-1ರಲ್ಲಿ ಸೋತದ್ದು, ಸ್ವಲ್ಪ ಹುಷಾರಾಗಿ ಮಾತು ತೆಗೆಯಿರಿ. ಹುಡುಗ ಅವರು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಲಿ, ತಾರೀಕು ಹಾಕಲಿ. ಆ ಡಬ್ಲ್ಯು.ಎ. ಪತ್ರ ನಮ್ಮಜ್ಜನ ಪೆಟ್ಟಿಗೆಯಲ್ಲಿ ಇನ್ನೂ ಇದೆ ಅಂತ ಯಾರಾದರೂ ಅಂದರೆ ಮಾತ್ರ, ಟೀ ಕುಡಿಯುವುದನ್ನೂ ಬಿಟ್ಟು ನನಗೆ ಮೊದಲು ತಿಳಿಸಿ.